ಬೆಡ್‌ಶೀಟಿನೊಳಗಿನ ಸೂಜಿ

ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸು ಅಲ್ಲಿನ ಸುರಕ್ಷತೆಯ ಬಗ್ಗೆ ನಡೆದ ಆನ್‌ಲೈನ್ ಸಭೆಯಲ್ಲಿ ಮಾತಾಡುತ್ತಿದ್ದಾಗ ಒಬ್ಬ ನಾಯಿಯಂತೆ ಬೊಗಳಿದ; ಇನ್ನೂರು ಜನ ನಕ್ಕರು. ಬಸ್ಸಿನ ಸಾಲಿನಲ್ಲಿ ಹಿಂದೆ ನಿಂತಿದ್ದ ದರ್ಜಿಗೆ ಇದು ತಿಳಿದದ್ದು ಆ ಹೆಂಗಸು ತನ್ನ ತಂಗಿಯೊಡನೆ ಆಡುತ್ತಿದ್ದ ಮಾತಿನಿಂದ.

"ಬೊಗಳಿದ್ದು ಯಾರಕ್ಕಾ?"

"ಡಾಕ್ಟ್ರಿಕೆ ಓದ್ತಿರೋ ಹುಡುಗ. ಬೆಡ್‌ಶೀಟಲ್ಲಿ ಸಿಕ್ಕಿದ ಇಂಜೆಕ್ಷನ್ ಸೂಜಿಗಳ ಫೋಟೋ ತೋರಿಸ್ತಿದ್ದೆ, ಅಷ್ಟರಲ್ಲಿ ಶುರು ಹಚ್ಕೊಂಡ."

"ನಾಳೆ ಉಳಿದಿದ್ದು ಹೇಳ್ತೀಯಲ್ಲ, ನಾನೂ ಪಕ್ಕದಲ್ಲೇ ಕೂತಿರ್ತೀನಿ. ಬೊಗಳಿದವನನ್ನ ಸಭೆ ನಡೆಸೋರಿಗೆ ಹೇಳಿ ಒಂದೇ ಗುಂಡಿಲಿ ಆಚೆ ಹಾಕಿಸ್ತೀನಿ."

"ಬೇಡ ಕಣೇ. ಸೂಜಿ ಬಿಟ್ಟು ಹೋಗೋರು ಅಂಥವ್ರೇ. ಬಾಯಿ ಮುಚ್ಚಿಸು ಸಾಕು, ಕಿವಿ ಇರ್ಲಿ."

"ನಿಂದೊಳ್ಳೆ ಕಥೆ! ಬೊಗಳೋನಿಗೆ ಪಾಠ ಬೇರೆ?"

"ಕಲೀಲಿ ಬಿಡೇ, ಇನ್ನೂ ಚಿಕ್ಕ ವಯಸ್ಸು."

ತಂಗಿ ಅಕ್ಕನ ಬ್ಯಾಂಡೇಜು ಸುತ್ತಿದ ಹೆಬ್ಬೆರಳನ್ನು ತನ್ನ ಅಂಗೈಯೊಳಗೆ ಮುಚ್ಚಿಟ್ಟುಕೊಂಡಳು.

"ನೋವಿದ್ಯಾ?"

"ಆ ನಗುವಿನಷ್ಟಿಲ್ಲ."

ಬಸ್ಸು ಬಂತು. ಜೊತೆಗೇ ಅಕ್ಕನಿಗೆ ಮೇಲಧಿಕಾರಿಯ ಫೋನೂ ಬಂತು.

"ಹೇಳಿ ಸಾರ್. ನಾಳೆ ಆಫೀಸಿನ ಮೇಡಂ ಮಾತಾಡ್ತಾರಾ? ನಾನು ಫೋಟೋ ಕಳಿಸಿ ಸುಮ್ನಿರ್ಬೇಕಾ?"

ಅವಳು ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಳು.

"ಕಳಿಸಲ್ಲ ಸಾರ್. ಚುಚ್ಚಿದ್ದು ನನ್ನ ಕೈಗೆ, ಹೇಳೋದೂ ನಾನೇ."