ಎಡತೋಳು ತೊಳೆದ ಜಾಕೆಟ್ಟಿನ ಬಗ್ಗೆ

ಲಾಂಡ್ರಿಯಕ್ಕ ಎಂದು ಬೀದಿಯವರೆಲ್ಲ ಕರೆಯುವ ನಾನು, ವಯಸ್ಸು ನಲವತ್ತಮೂರು, ಕಸುಬು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವುದು, ವಾಸ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ನಮ್ಮದೇ ಅಂಗಡಿಯ ಮಹಡಿ, ಠಾಣೆಗೆ ನಾನಾಗಿಯೇ ಬಂದು ಹೇಳಿ ಬರೆಸುವುದೇನೆಂದರೆ:

ಅಂಗಡಿಯಲ್ಲಿ ನಾನು, ನನ್ನ ಮನೆಯವರು ಮತ್ತು ಹದಿನಾರು ವರ್ಷದ ನಮ್ಮ ಮಗಳು ಕೆಲಸ ಮಾಡುತ್ತೇವೆ. ಶಾಲೆಗೆ ಹೋಗುವ ಮುಂಚೆ ಮತ್ತು ಬಂದ ಮೇಲೆ ಗಿರಾಕಿಗಳಿಂದ ಬಟ್ಟೆ ತೆಗೆದುಕೊಂಡು ಚೀಟಿ ಹಾಕುವುದು ಮಗಳ ಕೆಲಸ. ನಮ್ಮ ಅತ್ತೆ ಕಿತ್ತುಹೋದ ಗುಂಡಿ ಹಾಕುತ್ತಾರೆ, ಉಳಿದ ಹೊತ್ತು ನಮ್ಮೆಲ್ಲರ ತಪ್ಪು ಹುಡುಕುತ್ತಾರೆ. ಈಗ ತೀರಿಕೊಂಡಿರುವ ಬೀಗ ರಿಪೇರಿಯವರ ಅಂಗಡಿ ನಮಗೆ ನೇರ ಎದುರಿಗಿದೆ. ಮಗಳು ಅವರನ್ನು ಬೀಗದ ಮಾಮ ಎನ್ನುತ್ತಿದ್ದಳು.

ಕಳೆದ ಶನಿವಾರ ಸಂಜೆ ಮಗಳು ಚೆಲ್ಲಿದ ಗಂಜಿ ನೀರು ಹರಿದು ಅವರ ಮೆಟ್ಟಿಲ ಹತ್ತಿರ ನಿಂತಿತು. ಅವರು ಬಾಯಿಗೆ ಬಂದಂತೆ ಬೈದರು, ನನ್ನನ್ನೂ ಸೇರಿಸಿ ಬೈದರು. ಆಗ ಮಗಳು ಇನ್ನೊಂದು ಸಲ ಅಮ್ಮನ ಸುದ್ದಿಗೆ ಬಂದ್ರೆ ನಿಮ್ಮನ್ನ ಇಸ್ತ್ರಿ ಮಾಡಿಬಿಡ್ತೀನಿ ಎಂದು ಕೂಗಿದ್ದು ನಿಜ. ಅದನ್ನು ಪಕ್ಕದ ಅಂಗಡಿಯ ಬೇಕರಿಯವನು ಕೇಳಿಸಿಕೊಂಡದ್ದೂ ನಿಜ. ಆದರೆ ಆ ಮಾತು ನಮ್ಮ ಮನೆಯಲ್ಲಿ ದಿನ ಬೆಳಗಾದರೆ ಓಡಾಡುತ್ತದೆ. ಹಾಲು ಉಕ್ಕಿಸಿದರೆ ಇಸ್ತ್ರಿ ಮಾಡ್ತೀನಿ, ತಡವಾಗಿ ಎದ್ದರೆ ಇಸ್ತ್ರಿ ಮಾಡ್ತೀನಿ. ಅತ್ತೆಯ ಬೆನ್ನ ಹಿಂದೆ ನಾನೂ ಹೇಳಿದ್ದೇನೆ.

ಇವತ್ತು ಬೆಳಿಗ್ಗೆ ಏಳು ಗಂಟೆಗೆ, ರಿಪೇರಿಗೆ ಕೊಟ್ಟಿದ್ದ ನಮ್ಮ ಷಟರಿನ ಬೀಗ ತರಲು ಮಗಳು ಎದುರಿನ ಅಂಗಡಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲೇ ಓಡಿ ಬಂದಳು. ಮೈಮೇಲಿದ್ದ ಜಾಕೆಟ್ ಬಿಚ್ಚಿ ಮೇಜಿನ ಮೇಲೆ ಹಾಕಿ, ಒಗೆದಿಟ್ಟಿದ್ದ ಟವೆಲ್ಲುಗಳನ್ನು ಬಾಚಿಕೊಂಡಳು. ಬೀಗದ ಮಾಮ ಬಿದ್ದಿದ್ದಾರೆ ಅಮ್ಮ, ತಲೆಯಿಂದ ರಕ್ತ ನಿಲ್ತಾ ಇಲ್ಲ, ಆಂಬುಲೆನ್ಸಿಗೆ ಫೋನ್ ಮಾಡಿದ್ದೀನಿ ಎಂದು ಹೇಳಿ ತಿರುಗಿ ಓಡಿದಳು.

ನಾನು ಜಾಕೆಟ್ ಬಿಡಿಸಿ ನೋಡಿದೆ. ರಕ್ತದ ಕಲೆ ಒಣಗುವ ಮುಂಚೆ ತಣ್ಣೀರು ಹಾಕಬೇಕೆನ್ನುವುದು ನಮ್ಮ ಕಸುಬಿನ ಮೊದಲ ಪಾಠ. ಇದು ಯಾರ ರಕ್ತ, ಎಷ್ಟು ರಕ್ತ ಎಂದು ತಲೆಗೆ ಹೊಳೆಯುವ ಮುಂಚೆ ಕೈ ನಲ್ಲಿ ತಿರುಗಿಸಿತ್ತು. ಎಡತೋಳನ್ನು ಮೊಣಕೈವರೆಗೆ ಸೋಪು ಹಚ್ಚಿ ತೊಳೆದೆ. ಅಷ್ಟರಲ್ಲಿ ಬೇಕರಿಯವನು ರಸ್ತೆಯಲ್ಲಿ ನಿಂತು, ಬೀಗದವರು ಹೋಗಿಬಿಟ್ಟರು ಎಂದು ಕೂಗಿದ. ನಾನು ನಲ್ಲಿ ನಿಲ್ಲಿಸಿದೆ.

ಮಧ್ಯಾಹ್ನ ಒಂದು ಗಂಟೆಗೆ ನಿಮ್ಮವರೊಬ್ಬರು ಬಂದರು. ಬೀಗದವರು ಜಾರಿ ಬಿದ್ದು ಸತ್ತಿದ್ದಲ್ಲ, ಹಿಂದಿನಿಂದ ಭಾರವಾದ ಯಾವುದೋ ಚಪ್ಪಟೆ ವಸ್ತುವಿನಿಂದ ಹೊಡೆದಿದ್ದಾರೆ ಎಂದು ನಮ್ಮ ಇಸ್ತ್ರಿಪೆಟ್ಟಿಗೆಗಳನ್ನು ನೋಡುತ್ತಾ ಹೇಳಿದರು. ಶನಿವಾರದ ಮಾತು ಅವರ ಕಿವಿಗೆ ಆಗಲೇ ಬಿದ್ದಿತ್ತು. ನಾಲ್ಕು ಗಂಟೆಗೆ ಹುಡುಗಿಯನ್ನು ಠಾಣೆಗೆ ಕರೆತನ್ನಿ ಎಂದರು. ಜಾಕೆಟ್ಟಿನ ವಿಷಯ ಅವರು ಕೇಳಲಿಲ್ಲ, ನಾವು ಹೇಳಲಿಲ್ಲ.

ಅವರು ಹೋದ ಮೇಲೆ ಮನೆಯವರು ಷಟರ್ ಎಳೆದು ಜಾಕೆಟ್ಟನ್ನು ಒಗೆಯುವ ತೊಟ್ಟಿಯ ಹತ್ತಿರ ತಂದರು. ಒಂದು ತೋಳು ಹೇಗೂ ಹೋಗಿದೆ, ಅರ್ಧ ತೊಳೆದದ್ದು ಕೊಟ್ರೆ ಅಪ್ಪ ಅಮ್ಮನೇ ಮುಚ್ಚಿಹಾಕೋಕೆ ನೋಡಿದ್ರು ಅಂತಾರೆ, ಪೂರ್ತಿ ತೊಳೆದ್ರೆ ಕೇಳೋಕೇ ಏನೂ ಇರಲ್ಲ ಎಂದರು. ಅತ್ತೆ, ಹುಡುಗಿ ಬೆಳಿಗ್ಗೆ ನನ್ನ ಕಾಲು ಒತ್ತುತ್ತಾ ಕೂತಿದ್ದಳು ಅಂತ ನಾನು ಹೇಳ್ತೀನಿ, ಮುದುಕಿ ಬಾಯಿಗೆ ಯಾರು ಅಡ್ಡ ಬರ್ತಾರೆ ಎಂದರು. ಅತ್ತೆ ನಮ್ಮ ಪರವಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ನನಗೂ ತೊಳೆಯಬೇಕೆಂದೇ ಇತ್ತು. ಮನೆಯವರು ಹಿಡಿದಿದ್ದ ಜಾಕೆಟ್ಟನ್ನು ಬೆಳಕಿಗೆ ತಿರುಗಿಸಿ ನೋಡಿದೆ. ಎದೆಯ ಮೇಲೆ, ಮಡಿಲ ಮೇಲೆ, ಬಲತೋಳಿನ ಮೇಲೆ ಕಲೆಯಿತ್ತು. ಬಿದ್ದವರ ತಲೆ ಎತ್ತಿ ಮಡಿಲಲ್ಲಿ ಇಟ್ಟುಕೊಂಡರೆ ಹೀಗೆ ಆಗುತ್ತದೋ, ಹೊಡೆದರೆ ಹೀಗೆ ಆಗುತ್ತದೋ ನನಗೆ ಗೊತ್ತಾಗಲಿಲ್ಲ. ಮಗಳನ್ನು ಕೇಳಲು ಧೈರ್ಯ ಬರಲಿಲ್ಲ. ಇದನ್ನು ಹೇಳಲು ನನಗೆ ನಾಚಿಕೆಯಾಗುತ್ತದೆ.

ಮಗಳು ಎದ್ದು ಬಂದು ಅವಳಪ್ಪನ ಕೈಯಿಂದ ಜಾಕೆಟ್ ತೆಗೆದುಕೊಂಡು, ಅದರ ಕಾಲರಿಗೆ ಅಂಗಡಿಯ ಚೀಟಿಯೊಂದನ್ನು ಪಿನ್ನು ಮಾಡಿದಳು. ಇದನ್ನು ಬಿಡಿಸಿ ಹೇಳಬೇಕು. ನಮ್ಮಲ್ಲಿ ಮನೆಯ ಬಟ್ಟೆಗೆ ಚೀಟಿ ಹಾಕುವುದಿಲ್ಲ. ಚೀಟಿ ಬಿದ್ದ ಬಟ್ಟೆ ಗಿರಾಕಿಯದ್ದು, ಅದರಲ್ಲಿ ಬರೆದದ್ದು ಬಿಟ್ಟು ಬೇರೆ ಏನನ್ನೂ ಮಾಡುವ ಹಾಗಿಲ್ಲ. ಈ ನಿಯಮ ಮಾಡಿದವರು ನನ್ನ ಮನೆಯವರೇ. ಚೀಟಿ ತರಲಿಲ್ಲವೆಂದು ತಮ್ಮ ಸ್ವಂತ ಭಾವನ ಮದುವೆ ಕೋಟನ್ನು ಮದುವೆಯ ದಿನವೇ ಕೊಡದೆ ಕೂತ ಮನುಷ್ಯ ಅವರು. ಚೀಟಿಯಲ್ಲಿ ಗಿರಾಕಿ ಎಂಬಲ್ಲಿ ಪೊಲೀಸ್ ಠಾಣೆ ಎಂದೂ, ಕೆಲಸ ಎಂಬಲ್ಲಿ ತೊಳೆಯಬಾರದು ಎಂದೂ ಮಗಳು ಬರೆದಿದ್ದಳು. ಮನೆಯವರು ಅದನ್ನು ಎರಡು ಸಲ ಓದಿದರು. ಆಮೇಲೆ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟರು. ಅವರು ಅಳುವುದನ್ನು ನಾನು ಕಂಡಿರಲಿಲ್ಲ. ಅತ್ತೆ ಎದ್ದು ಹೋಗಿ ಷಟರ್ ಎತ್ತಿದರು.

ಮಗಳು ಜಾಕೆಟ್ಟನ್ನು ಹ್ಯಾಂಗರಿಗೆ ಹಾಕಿ, ನೆಲಕ್ಕೆ ತಾಗದಂತೆ ಕೈ ಮೇಲೆತ್ತಿ ಹಿಡಿದು ರಸ್ತೆಗಿಳಿದಳು. ಕಲೆ ಎಲ್ಲರಿಗೂ ಕಾಣುತ್ತಿತ್ತು. ಬೀದಿಯ ಜನ ಬಾಗಿಲಿಗೆ ಬಂದು ನಿಂತು ನೋಡಿದರು. ಬೇಕರಿಯವನು ದಾರಿ ಬಿಟ್ಟು ಹಿಂದೆ ಸರಿದ. ನಾನು ಅವಳ ಪಕ್ಕ ನಡೆಯಲಾಗದೆ ಎರಡು ಹೆಜ್ಜೆ ಹಿಂದೆ ನಡೆದೆ. ಮೊನ್ನೆ ಮೊನ್ನೆ ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂರುತ್ತಿದ್ದ ಹುಡುಗಿ ಇವಳೇನಾ ಎನ್ನಿಸಿತು. ನನ್ನನ್ನು ಹಿಂದೆ ಉಳಿಸಿದ್ದು ಭಯ ಮಾತ್ರ ಆಗಿರಲಿಲ್ಲ. ನಾನು ಹೆತ್ತವಳು ನನಗಿಂತ ಎಷ್ಟೋ ದೊಡ್ಡವಳು ಎಂದು ಆಗ ನನಗೆ ಗೊತ್ತಾಯಿತು.

ಠಾಣೆಯ ಗೇಟಿನ ಹತ್ತಿರ ತಡೆಯಲಾರದೆ, ಒಂದೇ ಒಂದು ಮಾತು ಹೇಳು, ನೀನು ಹೊಡೆದ್ಯಾ ಎಂದು ಕೇಳಿಯೇಬಿಟ್ಟೆ. ಅವಳು ನಿಂತು ನನ್ನ ಮುಖ ನೋಡಿದಳು. ನಾನು ಏನು ಹೇಳಿದ್ರೂ ನೀನು ನಂಬ್ತೀಯ ಅಮ್ಮ, ಅದಕ್ಕೇ ನಿನಗೆ ಹೇಳಲ್ಲ, ಮೊದಲು ನಂಬದೇ ಇರೋರು ನೋಡ್ಲಿ ಎಂದಳು. ಜಾಕೆಟ್ಟನ್ನು ಈ ಮೇಜಿನ ಮೇಲೆ ಇಟ್ಟವಳು ಅವಳೇ. ಎಡತೋಳನ್ನು ತೊಳೆದವಳು ನಾನು. ಅದರಲ್ಲಿ ಅವಳ ಪಾಲು ಏನೂ ಇಲ್ಲ.

ನನ್ನ ಮಗಳು ಕೊಂದಿಲ್ಲ ಎಂಬ ಮಾತು ನನ್ನ ಬಾಯಿ ತುದಿಯಲ್ಲೇ ಇದೆ. ಅದನ್ನು ನಾನು ಇಲ್ಲಿ ಬರೆಸುತ್ತಿಲ್ಲ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದ್ದಾರೆ. ಒಂದು ಕಡೆ ತಿದ್ದಿಸಿದ್ದೇನೆ. ಈಗ ಇರುವುದೆಲ್ಲ ನಾನು ಕಂಡದ್ದು, ಮಾಡಿದ್ದು, ನಿಜ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಇದೇ ಸೋಮವಾರ, ಸಂಜೆ
ಸಹಿ: ಲಾಂಡ್ರಿಯಕ್ಕ, ಹುಡುಗಿಯ ತಾಯಿ