ಫ್ರೇಮಿಗೆ ಬೆಸೆದ ಪುಟ್ಟ ಸೀಟು

ಬೆಳಿಗ್ಗೆ ಮಹಡಿಯ ಬಾಲ್ಕನಿಯಲ್ಲಿ ಒಗೆದ ಬಟ್ಟೆ ಹರವುತ್ತಿದ್ದೆ. ಕೆಳಗಿನ ಗ್ಯಾರೇಜಿಗೆ ಒಬ್ಬ ಹೆಂಗಸು ಹಳೆಯ ಮೋಟರ್ ಸೈಕಲನ್ನು ತಳ್ಳಿಕೊಂಡು ಬಂದಳು. ಜೊತೆಗೆ ಆರೇಳು ವರ್ಷದ ಮಗಳು. ಮಾತು ಕಿವಿಗೆ ಬಿದ್ದು, ಹಿಂಡಿದ ದುಪ್ಪಟಿ ನನ್ನ ಕೈಯಲ್ಲೇ ಉಳಿಯಿತು.

"ಬನ್ನಿ ಅತ್ತಿಗೆ," ಎಂದ ಮೆಕ್ಯಾನಿಕ್. "ಅಣ್ಣ ಇದನ್ನ ಗುಜರಿಯಿಂದ ತಂದಾಗ ನಾವೆಲ್ಲ ನಕ್ಕಿದ್ವಿ. ಈಗ ಇಂಥ ಗಾಡಿಗೆ ಜನ ಹೊಸ ಕಾರಿನ ದುಡ್ಡು ಕೊಡ್ತಾರೆ."

"ಅವರಿದ್ದಿದ್ರೆ ನಿಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ನಗ್ತಿದ್ರು. ಅಷ್ಟು ಬಂದ್ರೆ ಸಾಲ ತೀರಿ ಮನೆ ಉಳಿಯುತ್ತಪ್ಪ."

"ಇದಕ್ಕೆ ಅರ್ಧಾನೇ ಕೊಡ್ತೀವಿ ಅಂತಿದಾರೆ ಅತ್ತಿಗೆ. ಮುಂದಿರೋ ಈ ಪುಟ್ಟ ಸೀಟನ್ನ ಅಣ್ಣ ಫ್ರೇಮಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಕೊಳ್ಳೋರಿಗೆ ಗಾಡಿ ಕಂಪನಿಯಿಂದ ಬಂದ ಹಾಗೇ ಇರಬೇಕು."

"ಕತ್ತರಿಸಿ ತೆಗಿ ಮತ್ತೆ."

"ತೆಗೆದ್ರೂ ಕಲೆ ಉಳಿಯುತ್ತೆ. ಬೋಲ್ಟ್ ಹಾಕಿದ್ರೆ ಸಾಕಾಗಿತ್ತು."

"ಬೋಲ್ಟ್ ಸಡಿಲಾದ್ರೆ ಮಗು ಬೀಳ್ತಾಳೆ ಅಂದ್ರು. ವೆಲ್ಡರ್ ಅಲ್ವಾ, ಬೆಸುಗೆ ಬಿಟ್ಟು ಇನ್ಯಾವುದನ್ನೂ ನಂಬ್ತಿರಲಿಲ್ಲ."

ಮೆಕ್ಯಾನಿಕ್ ಬೆಸುಗೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸಿದ. "ಎಷ್ಟು ನಯವಾಗಿ ಎಳೆದಿದ್ದಾರೆ ನೋಡಿ, ಪುಣ್ಯಾತ್ಮ."

"ಅರ್ಧಕ್ಕೇ ಕೊಟ್ಟುಬಿಡು."

ಅಲ್ಲಿಯವರೆಗೂ ಹುಡುಗಿ ಆ ಸೀಟಿನ ಅಂಚು ಹಿಡಿದು ನಿಂತಿದ್ದಳು. ತಾಯಿ ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಕರೆದುಕೊಂಡು ಹೊರಟಳು. ನಾಲ್ಕು ಹೆಜ್ಜೆ ಹೋದ ಹುಡುಗಿ ನಿಂತು, ಹಿಂತಿರುಗಿ ಗಾಡಿ ನೋಡಿ, ಬೀದಿಗೆಲ್ಲ ಕೇಳುವಂತೆ ಕೇಳಿದಳು:

"ಅಮ್ಮಾ, ಅಪ್ಪ ಗಾಡಿ ಹಾಳು ಮಾಡ್ಕೊಂಡಿದ್ದು ನನಗೋಸ್ಕರಾನಾ?"