ಹದಿನಾಲ್ಕನೇ ಮಿಷನ್ನು

...ಇಲ್ಲ ಅತ್ತಿಗೆ, ಇವತ್ತೂ ಎಲ್ಲೂ ಕೆಲಸ ಗಿಟ್ಟಲಿಲ್ಲ. ಬಂದರಿನ ಹತ್ರ ಮೀನು ಡಬ್ಬಿಗೆ ತುಂಬ್ತಾರಲ್ಲ, ಅಲ್ಲಿಗೆ ಹೋದೆ. ಆಮೇಲೆ ಆ ದೊಡ್ಡ ಬೇಕರಿ... ಎಲ್ಲಾ ಕಡೆ ಒಂದೇ ಮಾತು, ‘ಹೆಸರು ಬರೆಸಿ ಹೋಗಮ್ಮ’ ಅಂತ. ಬಿಡಿ ಅದನ್ನ. ನೀವ್ಯಾಕೆ ಮನೇಲಿದೀರಿ? ಬುಧವಾರ! ಮಧ್ಯಾಹ್ನದ ಆಜಾನ್ ಕೂಡ ಆಗಿಲ್ಲ, ಗಾರ್ಮೆಂಟ್ಸ್ ಬಿಟ್ಟು ಬಟಾಣಿ ಸುಲೀತಾ ಕೂತಿದೀರಲ್ಲ. ಹುಷಾರಿಲ್ವಾ? ಕರೆಂಟ್ ಹೋಯ್ತಾ ಅಲ್ಲಿ?

ಸರಿ, ಕೊಡಿ ಇಲ್ಲಿ, ನಾನೂ ಸುಲೀತೀನಿ.

ಯಾಕೆ ಕಿಟಕಿ ಕಡೆ ನೋಡ್ತೀರಿ? ಗಾಳಿ, ಅಷ್ಟೇ. ಮೂರು ದಿನದಿಂದ ಬೀಸ್ತಾನೇ ಇದೆ. ಈ ತಂಜಾ ಊರಿನ ಗಾಳಿ ನನಗಿನ್ನೂ ಒಗ್ಗಿಲ್ಲ. ನಾಲ್ಕು ತಿಂಗಳಾಯ್ತು ನೋಡಿ, ವಝ್ಝಾನಿನ ಗಂಡನ ಮನೆಯಿಂದ ಓಡಿ ಬಂದು. ನಮ್ಮಣ್ಣ ಬಾಗಿಲಲ್ಲೇ ನಿಂತು ‘ಎಷ್ಟು ದಿನಕ್ಕೆ ಬಂದೆ ಬತೂಲ್?’ ಅಂದ. ನೀವು ಒಂದು ಮಾತೂ ಕೇಳಲಿಲ್ಲ, ನಡುಮನೇಲಿ ಹಾಸಿಗೆ ಹಾಕಿದ್ರಿ. ಭಾನುವಾರ ಭಾನುವಾರ ನಿಮ್ಮ ಹಳೇ ಮಿಷನ್ ಮುಂದೆ ಕೂರಿಸಿ ಪ್ಯಾಂಟಿನ ಜೇಬು ಹೊಲಿಯೋದು ಹೇಳ್ಕೊಟ್ರಿ. ‘ಎಳೀಬೇಡ ಕಣೇ, ಬಟ್ಟೆ ತಾನೇ ಹೋಗುತ್ತೆ’ ಅಂತ! ನನ್ನ ಬೆರಳಿಗೆ ಸೂಜಿ ಹೊಕ್ಕಾಗ ಎಷ್ಟು ಗಾಬರಿ ಬಿದ್ರಿ... ಗಾರ್ಮೆಂಟ್ಸ್ ಗೇಟಿಗೂ ಕರ್ಕೊಂಡು ಹೋದ್ರಿ. ಸೂಪರ್‌ವೈಸರ್ ಉಮ್ಹಾನಿ ಹತ್ರ, ‘ನನ್ನ ನಾದಿನಿ, ಕೈ ಚುರುಕು, ಜಾಗ ಇದ್ರೆ ಹೇಳು’ ಅಂದ್ರಿ.

ಯಾಕೆ ಸುಲಿಯೋದು ನಿಲ್ಲಿಸಿದ್ರಿ? ಉಮ್ಹಾನಿ ಹೆಸರೆತ್ತಿದ್ದಕ್ಕಾ?

ಚೀಲ ಯಾಕೆ? ಅದರಲ್ಲೇನಿಲ್ಲ ಅತ್ತಿಗೆ, ರೊಟ್ಟಿ ತಂದೆ, ಅಷ್ಟೇ. ಬೇಡ, ನಾನೇ ತೆಗೀತೀನಿ... ಬೇಡ ಅಂದ್ನಲ್ಲ!

...ಹೌದು. ನೀಲಿ ಕೋಟು. ನಿಮ್ಮ ಗಾರ್ಮೆಂಟ್ಸಿಂದೇ. ಮೀನೂ ಇಲ್ಲ, ಬೇಕರೀನೂ ಇಲ್ಲ, ಸುಳ್ಳು ಹೇಳಿದೆ. ಉಮ್ಹಾನಿ ಫೋನ್ ಮಾಡಿ ಕರೆದಳು. ಒಂದು ಮಿಷನ್ ಖಾಲಿಯಾಗಿದೆ, ನಾಳೆಯಿಂದ ಬಾ ಅಂದಳು. ಯಾರದು ಅಂತ ನಾನು ಕೇಳಲಿಲ್ಲ. ಅಲ್ಲಾನಾಣೆ ಕೇಳಲಿಲ್ಲ! ಎದೆ ಮೇಲೆ ಹೊಲಿದಿರೋ ಮಿಷನ್ ನಂಬರ್ ಬಸ್ಸಲ್ಲಿ ಕೂತ ಮೇಲೇ ನೋಡಿದ್ದು. ಹದಿನಾಲ್ಕು. ನಿಮ್ಮ ಮಿಷನ್ನು. ಹನ್ನೊಂದು ವರ್ಷ ನೀವು ಕೂತ ಜಾಗ.

ಬೈಯಿರಿ ಅತ್ತಿಗೆ. ಒಂದೇಟು ಹಾಕಿ.

ಹೋದ ವಾರ ಅಣ್ಣ ಅಡುಗೆಮನೇಲಿ ಹೇಳ್ತಿದ್ದನಲ್ಲ, ನನಗೆ ಕೇಳಿಸ್ತು. ‘ನೋಡು ರಹೀಮೊ, ರಂಜಾನ್‌ವರೆಗೆ ನೋಡ್ತೀನಿ, ಕೆಲಸ ಸಿಗದಿದ್ರೆ ಗಂಡನ ಮನೆಗೇ ಬಿಟ್ಟು ಬರ್ತೀನಿ’ ಅಂತ. ಆ ಮನೆಗೆ! ಹೊರಗಿಂದ ಬೀಗ ಹಾಕ್ಕೊಂಡು ಹೋಗೋನು ಅವನು. ಒಂದ್ಸಲ ಎರಡು ದಿನ ಬರಲೇ ಇಲ್ಲ. ಬಟ್ಟೆ ನೆನೆಸಿಟ್ಟಿದ್ದ ಬಕೆಟ್ಟಿನ ನೀರು ಕುಡಿದೆ ನಾನು. ಅವಮಾನದ ಮಾತು, ಅಮ್ಮನಿಗೂ ಹೇಳಿಲ್ಲ, ನಿಮಗೊಬ್ಬರಿಗೇ ಹೇಳಿದ್ದು. ಯಾರಿಗೂ ಹೇಳಬೇಡಿ ಅಂದಿದ್ದೆ. ನೀವು ಯಾರಿಗೂ ಹೇಳಲಿಲ್ಲ.

ನೀವು... ಹೇಳಲಿಲ್ಲ.

ಹಾಗೆ ನೋಡಬೇಡಿ. ‘ಉಮ್ಹಾನಿಗೆ ಯಾರು ಹೇಳಿದ್ರು?’ ಅಂತ ಕೇಳಿ. ನಾನು ಬಂದಾಗಿಂದ ಕಾಯ್ತಿದೀನಿ, ಒಂದ್ಸಲ ಕೇಳಿ! ಕೇಳಲ್ವಾ? ...ಅಂದ್ರೆ ಗೊತ್ತು ನಿಮಗೆ.

ನಾನೇ. ನಿಮ್ಮ ಕಣ್ಣು ಮಂಜಾಗ್ತಿದೆ ಅಂತ, ಸೂಜಿ ಕಾಣಲ್ಲ, ಕೈಯಂದಾಜಲ್ಲೇ ಹೊಲೀತೀನಿ ಅಂತ ನನ್ನ ಹತ್ರ ಮಾತ್ರ ಹೇಳಿದ್ರಿ. ಅಣ್ಣನಿಗೂ ಗೊತ್ತಿಲ್ಲ ಅಂದಿದ್ರಿ. ಅದನ್ನ ನಾನು ಮೊನ್ನೆ ಉಮ್ಹಾನಿಗೆ ಹೇಳಿಬಿಟ್ಟೆ. ಬಾಯಿ ತಪ್ಪಿ ಬಂತು... ಇಲ್ಲ. ಬಾಯಿ ತಪ್ಪಿ ಬರಲಿಲ್ಲ. ಬಸ್ಸಲ್ಲಿ ದಾರಿಯುದ್ದಕ್ಕೂ ಯೋಚನೆ ಮಾಡ್ಕೊಂಡೇ ಹೋಗಿದ್ದೆ. ಲೈನ್ ಬದಲಾಯಿಸ್ತಾರೆ, ಎಣಿಸೋ ಕೆಲಸಕ್ಕೋ ಪ್ಯಾಕಿಂಗಿಗೋ ಹಾಕ್ತಾರೆ ಅಂದ್ಕೊಂಡೆ. ಹಾಗಂತ ನನಗೆ ನಾನೇ ಹೇಳ್ಕೊಂಡೆ. ಬೆಳಿಗ್ಗೆ ಎಲ್ಲರೆದುರು ನಿಲ್ಲಿಸಿ ಸೂಜಿಗೆ ದಾರ ಪೋಣಿಸು ಅಂದಳಂತೆ ನಿಮಗೆ... ನಾನು ಒಳಗೆ ಹೋಗುವಾಗಲೇ ಗೇಟಿನ ಕಾವಲುಗಾರ ಹೇಳಿದ. ಆದ್ರೂ ಕೋಟು ಇಸ್ಕೊಂಡು ಬಂದೆ.

ಶ್... ಮೆಟ್ಟಿಲ ಮೇಲೆ... ಅಣ್ಣ. ಊಟಕ್ಕೆ ಬಂದ. ಅತ್ತಿಗೆ, ನಿಮ್ಮ ಕಾಲು ಹಿಡ್ಕೋತೀನಿ, ನೀವೇ ಕೆಲಸ ಬಿಟ್ಟೆ ಅಂತ ಹೇಳಿ. ನಾನು ಮಾಡಿದ್ದು ಗೊತ್ತಾದ್ರೆ ಈ ಸಂಜೆಯ ವಝ್ಝಾನ್ ಬಸ್ಸಿಗೇ ಹತ್ತಿಸ್ತಾನೆ. ಅತ್ತಿಗೆ... ಬಾಗಿಲು ತಟ್ತಿದಾನೆ. ಏಳಿ. ಯಾವಾಗಲೂ ನೀವೇ ತಾನೇ ತೆಗೆಯೋದು? ಏಳಲ್ವಾ?

ಬಂದೆ ಅಣ್ಣ, ಬಂದೆ!

...ಇಲ್ಲ, ಅತ್ತಿಗೆ ಕಾಯಿಲೆ ಬಿದ್ದಿಲ್ಲ. ಅವರನ್ನೇನೂ ಕೇಳಬೇಡ ಅಣ್ಣ. ನನ್ನ ಕೇಳು.